ಜೆಸಿಬಿ ಕರೆಯುವ ಮೊದಲು

(ತೀರ್ಥಹಳ್ಳಿ ಸೀಮೆಯ ಒಂದು ಒಂಟಿ ಮನೆ. ನವೆಂಬರ್ ಮೊದಲ ವಾರ. ಮಳೆ ನಿಂತಿದೆ, ನೆಲದ ಹಸಿ ಆರಿಲ್ಲ. ಮಂಡಿನೋವಿನ ತಾಯಿಯನ್ನು ಬೆಂಗಳೂರಿಗೆ ಕರೆದೊಯ್ದ ಮೇಲೆ ಕೆಲವು ವರ್ಷ ಮುಚ್ಚಿಯೇ ಇದ್ದ ಮನೆಗೆ ಮಗಳು ಬಂದಿದ್ದಾಳೆ. ಜೊತೆಗಿರುವವರು ಪಕ್ಕದ ಮನೆಯ ಹಿರಿಯರು, ವರಸೆಯಲ್ಲಿ ಅತ್ತೆ.)

— ಭಾನುವಾರಕ್ಕೆ ಜೆಸಿಬಿ ಹೇಳಿದ್ದೀನಿ ಅತ್ತೆ. ಅರ್ಧ ದಿನದಲ್ಲಿ ಅಂಗಳ, ಹಿತ್ತಿಲು ಎರಡನ್ನೂ ಹೆರೆದು ಮಟ್ಟ ಮಾಡಿಕೊಡ್ತಾನಂತೆ. ಆಮೇಲೆ ಇಂಟರ್‌ಲಾಕ್ ಹಾಕಿಸಿ ನಾಲ್ಕು ಕುಂಡ ಇಟ್ಟುಬಿಡ್ತೀನಿ. ತಿಂಗಳಿಗೊಮ್ಮೆ ಬಂದಾಗ ಗುಡಿಸಿದರೆ ಮುಗೀತು.

— ಮುಂಗಡ ಕೊಟ್ಟೆಯಾ?

— ಇಲ್ಲ. ಬರೀ ಬಾಯಿಮಾತು.

— ಹಾಗಾದರೆ ಈಗಲೇ ಫೋನ್ ಮಾಡಿ ಬೇಡ ಅಂದುಬಿಡು ಮಾರಾಯ್ತಿ. ಈ ಹಿತ್ತಿಲಿನಿಂದ ಗೆಡ್ಡೆಯೋ ಕಡ್ಡಿಯೋ ತಗೊಂಡು ಹೋಗದ ಮನೆ ಈ ಸುತ್ತಿನಲ್ಲಿ ಒಂದೂ ಇಲ್ಲ. ನಮ್ಮನೆ ಡೇರೆಯಲ್ಲಿ ಅರ್ಧಕ್ಕರ್ಧ ನಿನ್ನ ಅಮ್ಮ ಕೊಟ್ಟಿದ್ದು. ಅದನ್ನೆಲ್ಲ ಬಾಚಿ ಟ್ರ್ಯಾಕ್ಟರಿಗೆ ತುಂಬಿಸ್ತೀಯಾ?

— ಎಲ್ಲಿದೆ ಅತ್ತೆ ಹೂವು? ನಿಂತು ನೋಡಿದರೆ ಕಣ್ಣಿಗೆ ಬೀಳೋದು ಲಂಟಾನ, ನಾಚಿಕೆಮುಳ್ಳು, ಎದೆಮಟ್ಟ ಹುಲ್ಲು. ಬಾವಿಕಟ್ಟೆ ಕೂಡ ಕಾಣ್ತಾ ಇಲ್ಲ. ನಿನ್ನೆ ಬಚ್ಚಲ ಹಿಂದೆ ಹಾವಿನ ಪೊರೆ ಸಿಕ್ಕಿತು. ಮಕ್ಕಳನ್ನು ಕರ್ಕೊಂಡು ಬಂದರೆ ಅಂಗಳಕ್ಕೆ ಬಿಡೋಕೂ ಭಯ.

— ಆ ಭಯ ಸರಿಯೇ. ಮನೆ ಸುತ್ತ ಹತ್ತು ಅಡಿ ಮೊದಲು ಬೋಳಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಗೋಡೆಗೆ ಒರಗಿಸಿಟ್ಟ ಸೌದೆ, ಒಡೆದ ಹೆಂಚು, ಆ ಸಿಮೆಂಟು ಚೀಲದ ರಾಶಿ, ಅದೆಲ್ಲ ಇಲಿಯ ಸಂಸಾರ. ಇಲಿ ಇದ್ದಲ್ಲಿಗೆ ಹಾವು ಬರ್ತದೆ. ಆದರೆ ಕೈಯಲ್ಲೇ ಎತ್ತಲು ಹೋಗಬೇಡ. ಉದ್ದ ಕೋಲಿನಿಂದ ಬಡಿದು, ಒಂದೊಂದೇ ಎಳೆದು, ಆಮೇಲೆ ಮುಟ್ಟು. ಗಂಬೂಟು ಹಾಕ್ಕೋ. ನಾಗರ, ಕೊಳಕುಮಂಡಲ ಎರಡೂ ಇಲ್ಲಿ ಇದ್ದದ್ದೇ. ಏನಾದರೂ ಆದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ನಾಟಿ ಮದ್ದು ಅಂತ ಹೊತ್ತು ಕಳೆಯೋದು ಯಾವುದೂ ಬೇಡ. ಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆ. ಹಾಂ, ಆ ಮೂಲೆಯ ರಾತ್ರಿರಾಣಿಯನ್ನೂ ತೆಗೆಸಿಬಿಡು. ಅದರ ವಾಸನೆಗೆ ಹಾವು ಬರ್ತದೆ.

— ಅದೊಂದು ಮಾತು ನಾನು ಒಪ್ಪಲ್ಲ ಅತ್ತೆ. ಹೂವಿನ ಪರಿಮಳ ಮೂಸಿಕೊಂಡು ಯಾವ ಹಾವೂ ಬರೋದಿಲ್ಲ. ಪೊದೆ ದಟ್ಟವಾಗಿದ್ದರೆ ಬುಡದಲ್ಲಿ ಕಪ್ಪೆ, ಓತಿ ಸೇರುತ್ತವೆ. ಅವುಗಳ ಹಿಂದೆ ಹಾವು. ಕೇದಗೆಗೂ ಇದೇ ಅಪವಾದ ಇದೆ. ಬುಡದಿಂದ ಎರಡಡಿ ಎತ್ತರದವರೆಗೆ ಕೊಂಬೆ ಸವರಿ ಬೆಳಕು ಬೀಳುವ ಹಾಗೆ ಮಾಡಿದರೆ ರಾತ್ರಿರಾಣಿ ಇದ್ದರೂ ತೊಂದರೆ ಇಲ್ಲ.

— ಇರಲಿ, ನೀನು ಓದಿದವಳು. ಅದು ಉಳಿದರೆ ನನಗೂ ಸಂತೋಷವೇ, ರಾತ್ರಿ ನಮ್ಮ ಜಗಲಿ ತನಕ ಪರಿಮಳ ಬರ್ತದೆ. ಈಗ ನೋಡು, ಆ ಒಂದು ಗಿಡದ ಬಗ್ಗೆ ಎಷ್ಟು ವಿಚಾರ ಮಾಡಿದೆ! ಬುಡ ಹೇಗಿದೆ, ಎಲ್ಲಿ ಸವರಬೇಕು, ಯಾಕೆ ಉಳಿಸಬೇಕು ಅಂತ. ಉಳಿದ ಗಿಡಕ್ಕೂ ಇಷ್ಟು ವಿಚಾರ ಸಿಗಬೇಕು ಅನ್ನೋದೇ ನನ್ನ ಮಾತು. ಜೆಸಿಬಿಯ ಹುಡುಗನಿಗೆ ಅದೆಲ್ಲಿ ಗೊತ್ತಾಗಬೇಕು? ಅವನಿಗೆ ಇದು ಖಾಲಿ ಜಾಗ.

— ಗೊತ್ತಾಗೋದು ನನಗೂ ಕಷ್ಟವೇ. ಮಲ್ಲಿಗೆ, ದಾಸವಾಳ ಗುರುತಿಸ್ತೀನಿ. ಉಳಿದದ್ದೆಲ್ಲ ಎಲೆ.

— ಅದಕ್ಕೆ ನಿನ್ನ ಅಮ್ಮ ಇದ್ದಾಳಲ್ಲ. ಮೊಬೈಲಿನಲ್ಲಿ ಮುಖ ಕಾಣೋ ಹಾಗೆ ಫೋನ್ ಹಚ್ಚು. ಹಳೆ ಸೀರೆ ಒಂದಿದ್ದರೆ ಕೊಡು, ಕೆಂಪಾಗಿದ್ದರೆ ಒಳ್ಳೆಯದು. ಅಂಗೈ ಅಗಲ ಹರಿದು ಇಟ್ಟುಕೊಳ್ಳೋಣ. ಅವಳು ಎಲ್ಲಿ ಹೇಳ್ತಾಳೋ ಅಲ್ಲಿ ಒಂದು ಗೂಟ, ಗೂಟಕ್ಕೊಂದು ಪಟ್ಟಿ. ಕೆಲಸಕ್ಕೆ ಯಾರೇ ಬರಲಿ, ಪಟ್ಟಿ ಇದ್ದಲ್ಲಿ ಕತ್ತಿ ಬೀಸಬಾರದು. ಬಚ್ಚಲ ಕಡೆಯಿಂದ ಸುರು ಮಾಡು.

— ಅಮ್ಮ ಹೇಳ್ತಾ ಇದ್ದಾರೆ, ಕೇಳಿ. ಬಾವಿಯ ಎಡಕ್ಕೆ ಸುರುಳಿ ಸುಗಂಧಿ. ತುಳಸಿಕಟ್ಟೆಯ ಹಿಂದೆ ಮಳೆ ಲಿಲ್ಲಿ, ಈಗ ಹುಲ್ಲಿನ ಹಾಗೇ ಕಾಣುತ್ತಂತೆ, ಕೀಳಬೇಡ ಅಂತಾರೆ. ಹಲಸಿನ ಮರದ ಕವಲಲ್ಲಿ ಸೀತಾಳೆ ದಂಡೆ. ಬಚ್ಚಲ ನೀರು ಹೋಗುವಲ್ಲಿ ಕೆಸು, ಅರಿಶಿನ. ಪೇರಲೆ ಬುಡದಲ್ಲಿ ದುಂಡುಮಲ್ಲಿಗೆ. ಡೇರೆ ಎರಡು ಸಾಲು ಇತ್ತಂತೆ, ದಣಪೆಯ ಒಳಗೆ ಬಲಕ್ಕೆ. ಈಗ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ ಅಂದ್ರು.

— ನೋಡಿದೆಯಾ? ಸುಗಂಧಿ, ಅರಿಶಿನ, ಕೆಸು, ಡೇರೆ, ಲಿಲ್ಲಿ, ಎಲ್ಲ ಗೆಡ್ಡೆಯ ಗಿಡ. ಮಲೆನಾಡಿನ ಹಿತ್ತಿಲಲ್ಲಿ ಅರ್ಧ ಗಿಡ ಮಣ್ಣಿನ ಕೆಳಗೇ ಇರ್ತದೆ. ಬೇಸಿಗೆಯಲ್ಲಿ ಹುಡುಕಿದರೆ ಗುರುತೂ ಸಿಗೋದಿಲ್ಲ. ಮೊದಲ ಮಳೆ ಬಿದ್ದು ವಾರ ಕಳೆದರೆ ನೆಲ ಒಡೆದು ಮೇಲೆ ಬರ್ತವೆ. ಜೆಸಿಬಿ ಒಂದಡಿ ಮಣ್ಣು ಹೆರೆದರೆ ಈ ಸಂಪತ್ತೆಲ್ಲ ಅದರ ಜೊತೆಗೇ ಹೋಯ್ತು. ಆಮೇಲೆ ನೀನು ನರ್ಸರಿಗೆ ಹೋಗಿ ಕುಂಡಕ್ಕೆ ದುಡ್ಡು ಕೊಟ್ಟು ತರೋದು ಇದನ್ನೇ.

— ಪೇರಲೆಯ ಮೇಲೆ ಹಬ್ಬಿರೋದು ಮಲ್ಲಿಗೆಯೇ? ನಾನು ಯಾವುದೋ ಕಾಡುಬಳ್ಳಿ ಅಂದುಕೊಂಡಿದ್ದೆ. ಎಲೆ ಇದೆ, ಒಂದು ಮೊಗ್ಗೂ ಇಲ್ಲ.

— ಸವರದೆ ಬಿಟ್ಟ ಮಲ್ಲಿಗೆ ಹಾಗೇ. ಬೆಳಕು ಹುಡುಕಿಕೊಂಡು ಮೇಲಕ್ಕೆ ಹೋಗ್ತದೆ, ಇರೋ ಶಕ್ತಿಯನ್ನೆಲ್ಲ ಬಳ್ಳಿ ಉದ್ದ ಮಾಡೋಕೆ ಸುರೀತದೆ. ಹೂವು ಬರೋದು ಹೊಸ ಚಿಗುರಿನ ತುದಿಯಲ್ಲಿ. ಹೊಸ ಚಿಗುರು ಬರಬೇಕಾದರೆ ಹಳೆಯದು ಹೋಗಬೇಕು. ಬಾ, ಬುಡ ಹುಡುಕೋಣ. ಮೇಲಿಂದ ಒಂದು ಬಳ್ಳಿ ಹಿಡಿ, ಎಳೆಯಬೇಡ, ಬೆರಳಲ್ಲೇ ಕೆಳಗೆ ಜಾರಿಸಿಕೊಂಡು ಬಾ. ಸಿಕ್ಕಿತಾ?

— ಸಿಕ್ಕಿತು. ಹೆಬ್ಬೆರಳಿಗಿಂತ ದಪ್ಪ ಇದೆ! ತೊಗಟೆ ಕಪ್ಪಾಗಿದೆ. ಒಂದೇ ಬುಡದಿಂದ ಏಳೆಂಟು ಕವಲು.

— ಉಗುರಿನಿಂದ ಸ್ವಲ್ಪ ಕೆರೆದು ನೋಡು. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣ, ಒಣಗಿದ್ದು ಅನ್ನಿಸಿದರೆ ಆ ಕವಲನ್ನು ಬುಡಕ್ಕೇ ತೆಗಿ. ಜೀವ ಇರೋದರಲ್ಲಿ ಗಟ್ಟಿಯಾದ ನಾಲ್ಕೈದು ಉಳಿಸಿ, ನೆಲದಿಂದ ಒಂದೂವರೆ ಅಡಿಗೆ ಕತ್ತರಿಸು. ದುಂಡುಮಲ್ಲಿಗೆಗೆ ನವೆಂಬರ್ ಕೊನೆಯೇ ಸರಿಯಾದ ಹೊತ್ತು. ಜಾಜಿಗೆ ಇನ್ನೂ ತಡ, ಡಿಸೆಂಬರ್ ಕಳೆದ ಮೇಲೆ. ಕತ್ತರಿಸಿದ ಮೇಲೆ ಉಳಿದ ಎಲೆ ಉದುರಿಸಿ, ಬುಡದ ಮಣ್ಣು ಸಡಿಲ ಮಾಡಿ, ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕು. ಸ್ವಲ್ಪ ದಿನ ನೀರು ಕೊಡಲೇಬೇಡ. ಚಿಗುರು ಕಂಡ ಮೇಲೆ ಕೊಡು. ಮಾರ್ಚ್ ಹೊತ್ತಿಗೆ ಮೊಗ್ಗು.

— ಇಷ್ಟು ಗಿಡ್ಡಕ್ಕೆ ಕತ್ತರಿಸಿದರೆ ಸಾಯೋದಿಲ್ವಾ? ಕೈ ಬರ್ತಾ ಇಲ್ಲ ನನಗೆ.

— ಸಾಯೋದು ಸವರದೇ ಬಿಟ್ಟ ಗಿಡ. ಉಡುಪಿ ಹತ್ತಿರ ಶಂಕರಪುರದ ಕಡೆ ಹೋಗಿ ನೋಡು. ಅಲ್ಲಿ ಮಲ್ಲಿಗೆಯಿಂದಲೇ ಸಂಸಾರ ನಡೆಸುವ ಮನೆಗಳಿವೆ. ಎಣಿಸಿ 800 ಮೊಗ್ಗು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ಅಂಗಳದಲ್ಲಿ ಇರೋ ಕೆಲವೇ ಗಿಡದಿಂದ ಅಷ್ಟು ಹೂವು ತೆಗೀಬೇಕಾದರೆ ಗಿಡ ಆಳೆತ್ತರಕ್ಕೆ ಹೋಗೋಕೆ ಬಿಡ್ತಾರಾ? ಕೈಗೆ ಸಿಗುವಷ್ಟೇ ಎತ್ತರ ಇಡ್ತಾರೆ. ಉಡುಪಿ, ಮೈಸೂರು, ಹಡಗಲಿ, ಮೂರು ಊರಿನ ಮಲ್ಲಿಗೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಮಣ್ಣು, ಹವೆಯ ಜೊತೆ ಆ ಹೆಂಗಸರ ಕತ್ತರಿಗೂ ಅದರಲ್ಲಿ ಪಾಲಿದೆ ಅಂತ ನನಗೆ ಅನ್ನಿಸ್ತದೆ.

— ದಾಸವಾಳಕ್ಕೂ ಹೀಗೇನಾ? ಅದರ ತುದಿಗಳಲ್ಲೆಲ್ಲ ಬಿಳಿ ಹಿಟ್ಟು ಮೆತ್ತಿಕೊಂಡಿದೆ.

— ಮೂರರಲ್ಲಿ ಒಂದು ಪಾಲು ಸವರು ಸಾಕು. ಹಿಟ್ಟು ಮೆತ್ತಿದ ತುದಿ ಕಿತ್ತು ಸೋಪಿನ ನೀರಿನ ಬಕೆಟಿಗೆ ಹಾಕು, ಕೆಳಗೆ ಬಿಸಾಡಬೇಡ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಎಣ್ಣೆ ಬೆರೆಯೋಕೆ ಚೂರು ಸೋಪು, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ತಾಗೋ ಹಾಗೆ ಹೊಡಿ. ಇರುವೆ ಹತ್ತೋದನ್ನು ತಡಿ. ಆ ಹಿಟ್ಟುತಿಗಣೆ ಬಿಡೋ ಸಿಹಿಗೆ ಇರುವೆ ಅದನ್ನು ಕಾವಲು ಕಾಯ್ತದೆ. ದಾಸವಾಳದ ಮಾತು ಇಷ್ಟೇ, ಅದು ಹೇಗಿದ್ದರೂ ಬದುಕಿಕೊಳ್ತದೆ. ನನಗೆ ಚಿಂತೆ ಡೇರೆಯದ್ದು. ದಣಪೆ ಹತ್ತಿರ ಹೋಗೋಣ ಬಾ.

— ಇಲ್ಲಿ ಏನೂ ಇಲ್ಲ ಅತ್ತೆ. ಬರೀ ಹುಲ್ಲು.

— ನಿಂತು ನೋಡಬೇಡ, ಕೂತು ನೋಡು. ಹುಲ್ಲು ಕೈಯಲ್ಲಿ ಸರಿಸು. ಕೊಳವೆ ಹಾಗೆ ಟೊಳ್ಳಾದ ಒಣ ದಂಟು ಕಾಣ್ತದಾ?

— ಇದಾ? ಬೆರಳಷ್ಟು ದಪ್ಪ, ಮುಟ್ಟಿದರೆ ಪುಡಿಯಾಗುತ್ತೆ. ಇಲ್ಲೊಂದಿದೆ. ಅಲ್ಲಿ ಇನ್ನೊಂದು!

— ಅದೇ ಮಾರಾಯ್ತಿ, ಅದೇ! ಬದುಕಿದೆ. ಯಾರೂ ನೋಡೋರಿಲ್ಲದೆ ಈ ಹುಲ್ಲಿನ ನಡುವೆ ಈ ವರ್ಷವೂ ಚಿಗುರಿದೆ. ಗುದ್ದಲಿ ಬೇಡ, ಹಾರೆ ತಾ. ದಂಟಿನಿಂದ ಒಂದಡಿ ದೂರ ಹಾರೆ ಇಳಿಸಿ, ಸುತ್ತ ಮೀಟಿ, ಇಡೀ ಗೊಂಚಲನ್ನು ಮಣ್ಣಿನ ಸಮೇತ ಎತ್ತು. ದಂಟು ಹಿಡಿದು ಎಳೆದೆಯೋ ಕತ್ತು ಮುರೀತದೆ.

— ಅಬ್ಬಾ, ಗೆಣಸಿನ ಹಾಗೆ ಇದೆ. ಐದಾರು ಗೆಡ್ಡೆ.

— ಮಣ್ಣು ಕೊಡವು, ಕಣ್ಣು ಎಲ್ಲಿದೆ ತೋರಿಸ್ತೇನೆ. ಆಲೂಗಡ್ಡೆಗೆ ಮೈಮೇಲೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಗೆಡ್ಡೆಯ ಕತ್ತು ದಂಟಿಗೆ ಸೇರುವ ಜಾಗ ಇದೆಯಲ್ಲ, ಇಲ್ಲಿ ಮಾತ್ರ. ಸಾಸಿವೆಯಷ್ಟು ಉಬ್ಬು ಕಾಣ್ತದಾ? ಮುಂದಿನ ವರ್ಷದ ಗಿಡ ಅದು. ಈ ಗೆಡ್ಡೆ ನೋಡು, ಎಷ್ಟು ಕೊಬ್ಬಿದೆ! ಆದರೆ ಕತ್ತು ಮುರಿದಿದೆ, ದಂಟಿನ ಚೂರು ಇಲ್ಲ. ಇದನ್ನು ನೆಟ್ಟರೆ ವರ್ಷವಿಡೀ ಮಣ್ಣೊಳಗೆ ಹಾಗೇ ಕೂತಿರ್ತದೆ, ಚಿಗುರೋದಿಲ್ಲ. ಆ ಸಣ್ಣದು, ಕಿರುಬೆರಳಿನಷ್ಟು ಇದೆ, ಆದರೆ ಕಣ್ಣಿದೆ. ಅದು ಆಳೆತ್ತರ ಬರ್ತದೆ.

— ಇದನ್ನು ಈಗಲೇ ಬೇರೆ ಕಡೆ ನೆಡಬಹುದಾ?

— ಈಗ ಅದಕ್ಕೆ ನಿದ್ದೆ. ನೆರಳಲ್ಲಿ ಒಂದೆರಡು ದಿನ ಆರಿಸಿ, ಒಣ ಮರಳಲ್ಲಿ ಹೂತು, ತಂಪಾದ ಮೂಲೆಯಲ್ಲಿಡು. ಬಣ್ಣ ಬರೆದ ಚೀಟಿ ಕಟ್ಟಿಬಿಡು, ನಿನ್ನ ಅಮ್ಮನಿಗೆ ಯಾವ ಸಾಲು ಯಾವ ಬಣ್ಣ ಅಂತ ಗೊತ್ತು. ರೋಹಿಣಿ ಮಳೆ ಬಿದ್ದು ಮೃಗಶಿರಾ ಹಿಡಿಯೋ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರ, ಏರಿ ಮಾಡಿ ನೆಡು. ಏರಿ ಯಾಕೆ ಅಂದರೆ ನಮ್ಮ ಮಳೆಗೆ ನೀರು ನಿಂತರೆ ಗೆಡ್ಡೆ ಕೊಳೀತದೆ. ಊರುಗೋಲು ಮೊದಲು ಹುಗಿ, ಆಮೇಲೆ ಗೆಡ್ಡೆ ಇಡು. ಗಿಡ ಬಂದ ಮೇಲೆ ಕೋಲು ಹುಗಿಯೋಕೆ ಹೋದರೆ ಗೆಡ್ಡೆಗೇ ಚುಚ್ಚಿಬಿಡ್ತದೆ. ಮೊಣಕಾಲೆತ್ತರ ಬಂದಾಗ ತುದಿ ಚಿವುಟು. ಚೌತಿ ಹೊತ್ತಿಗೆ ಈ ದಣಪೆಯ ಹತ್ತಿರ ದಾರಿಹೋಕರು ನಿಲ್ತಾರೆ. ನಮ್ಮ ಕಡೆ ಹೆಂಗಸರು ಯಾವುದೇ ಮದುವೆಮನೆಗೆ ಹೋದರೂ ವಾಪಸು ಬರುವಾಗ ಚೀಲದಲ್ಲಿ ಒಂದು ಡೇರೆ ಗೆಡ್ಡೆಯೋ ದಾಸವಾಳದ ಕಡ್ಡಿಯೋ ಇರ್ತಿತ್ತು. ದುಡ್ಡು ಕೊಟ್ಟು ತಂದವರು ಯಾರೂ ಇಲ್ಲ. ಈ ಸೀಮೆಯ ಹೂದೋಟಗಳೆಲ್ಲ ಹಾಗೆ ಕೈಯಿಂದ ಕೈಗೆ ಬಂದವು.

— ಅತ್ತೆ, ಒಂದು ಸಂಶಯ. ಲಂಟಾನ ಹೊರದೇಶದ್ದು, ಅದಕ್ಕೇ ಕೀಳಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ಡೇರೆಯೂ ಮೆಕ್ಸಿಕೋದ್ದು. 1963ರಲ್ಲಿ ಅದನ್ನೇ ಅವರು ರಾಷ್ಟ್ರೀಯ ಹೂವು ಅಂತ ಘೋಷಿಸಿದ್ದು. ಚೆಂಡುಹೂವೂ ಆ ಕಡೆಯದ್ದೇ, ಸಂಜೆಮಲ್ಲಿಗೆಯೂ ಅಷ್ಟೆ. ಹಾಗಾದರೆ ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಕತ್ತಿ ಯಾಕೆ?

— ಎಲ್ಲಿಂದ ಬಂತು ಅನ್ನೋದಲ್ಲ, ಬಂದ ಮೇಲೆ ಹೇಗೆ ನಡ್ಕೊಂಡಿತು ಅನ್ನೋದು ಮುಖ್ಯ. ಡೇರೆ ನೆಟ್ಟಲ್ಲಿ ಇರ್ತದೆ. ಒಂದು ವರ್ಷ ಕೈಬಿಟ್ಟರೆ ಸೊರಗ್ತದೆ. ಲಂಟಾನ ಹಾಗಲ್ಲ, ಅದರ ಹಣ್ಣು ಪಿಕಳಾರ ತಿಂದು ಕಾಡಿನ ಉದ್ದಕ್ಕೂ ಹಿಕ್ಕೆ ಹಾಕ್ತದೆ. ಅದರ ಅಡಿಯಲ್ಲಿ ಬೇರೆ ಗಿಡ ಏಳೋದಿಲ್ಲ, ದನ ಬಾಯಿ ಹಾಕೋದಿಲ್ಲ.

— ಅದು ಬಂದಿದ್ದೂ ಹೂವಿನ ಗಿಡ ಅಂತಲೇ. 1800ರ ದಶಕದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ತಂದು ನೆಟ್ಟರು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡೊಳಗೆಲ್ಲ ಅದೇ. ಮಹದೇಶ್ವರ ಬೆಟ್ಟದ ಕಡೆ ಸ್ಥಳೀಯರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡೋದನ್ನು ಕಲಿತಿದ್ದಾರೆ.

— ಅಲ್ಲಿ ಒಪ್ಪಿದೆಯಲ್ಲ! ಯಾರದೋ ಹೂದೋಟದಿಂದ ಬೇಲಿ ಹಾರಿ ಹೋದದ್ದೇ ಇವತ್ತು ಕಾಡಿಗೆ ಕಂಟಕ. ಅದಕ್ಕೇ ಹೂವು ಬೆಳೆಸೋರಿಗೆ ಜವಾಬ್ದಾರಿ ಜಾಸ್ತಿ. ಈಗ ಆ ಮೆಟ್ಟಿಲ ಪಕ್ಕ ನೋಡು, ಹಳದಿ ಹೂವಿನ ಹಬ್ಬುಗಿಡ.

— ವೆಡೇಲಿಯಾ. ಅದು ಚೆನ್ನಾಗಿದೆಯಲ್ಲ ಅತ್ತೆ, ನೆಲ ಮುಚ್ಚಿಕೊಂಡಿದೆ. ಬೆಂಗಳೂರಿನಲ್ಲಿ ರಸ್ತೆ ನಡುವೆಯೂ ಹಾಕ್ತಾರೆ.

— ಬೆಂಗಳೂರಿನಲ್ಲಿ ಟಾರಿನ ನಡುವೆ ಅದು ಎಲ್ಲಿಗೂ ಹೋಗಲಾರದು. ಇಲ್ಲಿ ಹಾಗಲ್ಲ. ಒಂದು ಬಳ್ಳಿ ಎತ್ತಿ ನೋಡು, ಗಿಣ್ಣು ಗಿಣ್ಣಿಗೂ ಬೇರು. ಕತ್ತರಿಸಿ ಎಸೆದ ಗೇಣುದ್ದದ ತುಂಡೂ ಗಿಡವಾಗ್ತದೆ. ಯಾರೋ ಕಸ ಅಂತ ಹಳ್ಳಕ್ಕೆ ಎಸೆದರು, ಈಗ ನೀರಿನ ಜೊತೆ ಹೋಗಿ ತೋಟದ ಕಾದಿಗೆಯಲ್ಲೆಲ್ಲ ಅದೇ ಹಬ್ಬಿದೆ. ಒಂದೆಲಗ ಇದ್ದ ಜಾಗ ಅದು. ಈಗ ತಂಬುಳಿಗೆ ಒಂದೆಲಗ ಬೇಕಾದರೆ ಹುಡುಕಬೇಕು. ಇದನ್ನು ಒಂದು ಎಳೆಯೂ ಬಿಡದೆ ಕಿತ್ತು, ಬಿಸಿಲಲ್ಲಿ ಕಲ್ಲುಚಪ್ಪಡಿ ಮೇಲೆ ಗರಿಗರಿ ಒಣಗಿಸಿ, ಆಮೇಲೇ ಗೊಬ್ಬರಗುಂಡಿಗೆ. ಬೇಲಿಯಾಚೆಗೆ ಮಾತ್ರ ಎಸೆಯಬೇಡ. ಹೂವಿನ ಗಿಡ ಸಾಕೋರು ಮಾಡಬಾರದ ಕೆಲಸ ಅಂತ ಒಂದಿದ್ದರೆ ಅದು ಇದೇ.

— ಲಂಟಾನ ಕಡಿಸಿದರೆ ಸಾಕಾ?

— ಮೇಲೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಬುಡದ ಮಣ್ಣು ಕೆದಕಿ, ಮೂರು ನಾಲ್ಕು ಬೆರಳು ಕೆಳಗೆ, ಬೇರು ಕವಲೊಡೆಯೋ ಮೊದಲಿನ ದಪ್ಪ ಭಾಗದಲ್ಲಿ ಕಡೀಬೇಕು. ಕಡಿದ ಗಿಡ ತಲೆಕೆಳಗು ಮಾಡಿ ಒಣಗಲು ಬಿಡು, ಬುಡ ನೆಲಕ್ಕೆ ತಾಗಬಾರದು. ಅದಕ್ಕಿಂತ ಅವಸರ ಈ ಯುಪಟೋರಿಯಂಗೆ. ದಕ್ಷಿಣ ಕನ್ನಡದವರು ಕಮ್ಯುನಿಸ್ಟ್ ಗಿಡ ಅಂತಾರಲ್ಲ, ಅದು. ಇನ್ನು ಸ್ವಲ್ಪ ದಿನಕ್ಕೆ ಹೂ ಬಿಡ್ತದೆ, ಬೇಸಿಗೆಗೆ ಬೀಜ ಗಾಳಿಯಲ್ಲಿ ಹಾರ್ತದೆ. ಹೂವಿಗೆ ಮೊದಲು ಕಿತ್ತರೆ ಅದೇ ಒಳ್ಳೆ ಸೊಪ್ಪುಗೊಬ್ಬರ. ಈಗ ನೆಲ ಹಸಿ ಇದೆ, ಬೇರು ಸಮೇತ ಬರ್ತದೆ. ಜನವರಿಗೆ ಬಂದರೆ ಮಣ್ಣು ಕಲ್ಲಾಗಿರ್ತದೆ, ಮೇಲಿಂದ ಕಿತ್ತು ಬರ್ತದೆ, ಬೇರು ಒಳಗೇ ಉಳೀತದೆ. ಮಳೆ ನಿಂತು ಕಾರ್ತಿಕ ಮುಗಿಯೋ ತನಕ ಸಿಗೋ ಈ ಹೊತ್ತಿಗೆ ಹಿತ್ತಿಲ ಕೆಲಸದಲ್ಲಿ ಬೆಲೆ ಕಟ್ಟೋಕಾಗೋದಿಲ್ಲ.

— ಇಷ್ಟೆಲ್ಲ ಕೀಳೋಕೆ ಜನ ಎಲ್ಲಿ ಅತ್ತೆ? ಕಳೆನಾಶಕ ಹೊಡೆದರೆ ಒಂದೇ ದಿನದ ಕೆಲಸ ಅಂದರು ಅಂಗಡಿಯವರು.

— ಆ ಬಾವಿಯ ನೀರು ಕುಡಿಯೋರು ನೀವು. ಇಳಿಜಾರಿನ ಕೆಳಗೆ ನಮ್ಮ ತೋಟ, ಅದರ ಕೆಳಗೆ ಹಳ್ಳ. ಆ ಕಳೆನಾಶಕ ಸುಗಂಧಿಗೂ ಲಂಟಾನಕ್ಕೂ ವ್ಯತ್ಯಾಸ ಮಾಡ್ತದಾ?

— ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರೇ ಬಳಸಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದ್ದೂ ಹೌದು. ಸರಿ, ಅದು ಬೇಡ. ವೀಡ್ ಕಟರ್?

— ಹುಲ್ಲಿಗೆ ಧಾರಾಳವಾಗಿ ತರಿಸು. ನಮ್ಮ ತೋಟದಲ್ಲೂ ಅದೇ ನಡೀತದೆ. ಆದರೆ ಗಿಡದ ಬುಡದಿಂದ ಒಂದು ಮೊಳ ದೂರವೇ ನಿಲ್ಲಿಸಬೇಕು. ಅದರ ದಾರ ತೊಗಟೆಯನ್ನು ಸುತ್ತಲೂ ಸುಲಿದರೆ ಗಿಡಕ್ಕೆ ಆಯುಷ್ಯ ಮುಗೀತು. ಬುಡದ ಹುಲ್ಲು ಕೈಯಲ್ಲೇ ಕೀಳು. ಕೀಳುವಾಗಲೂ ನೋಡು: ತುಂಬೆ ಬಿಡು, ಶಿವರಾತ್ರಿಗೆ ಬೇಕು. ಗರಿಕೆ ಒಂದು ಕಡೆ ಇರಲಿ. ನೆಲನೆಲ್ಲಿ, ಹೊನಗೊನ್ನೆ, ದೊಡ್ಡಪತ್ರೆ, ಕಾಕಿಸೊಪ್ಪು ಇವು ಕಳೆಯಲ್ಲ, ಅಡುಗೆಮನೆಯ ಸಾಮಾನು. ಜೇಕಿಗೆ ಮಾತ್ರ ಅವಸರ ಮಾಡಬೇಡ. ಮೇಲಿನ ಎಲೆ ಕಿತ್ತರೆ ಕೆಳಗೆ ಸರಪಳಿ ಹಾಗೆ ಗೆಡ್ಡೆ ಉಳೀತದೆ. ಗುದ್ದಲಿಯಲ್ಲಿ ಅಗೆದು ಗೆಡ್ಡೆ ಆರಿಸಿದರೇ ಹೋಗೋದು.

— ಕಿತ್ತದ್ದನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟುಬಿಡೋದು?

— ಕೊಡಬೇಡ. ಹಸಿಸೊಪ್ಪು ಒಂದು ಹಾಸು, ಒಣ ದರಗು ಒಂದು ಹಾಸು, ಮೇಲೆ ಸಗಣಿ ನೀರು, ಹೀಗೆ ಮೂಲೆಯಲ್ಲಿ ಒಟ್ಟು. ಮುಂದಿನ ಡೇರೆ ಏರಿಗೆ ಅದೇ ಗೊಬ್ಬರ. ಬೀಜ ಕಟ್ಟಿದ ಕಳೆ ಮಾತ್ರ ಅದಕ್ಕೆ ಸೇರಿಸಬೇಡ. ದರಗು ಸಾಲದು ಅಂತ ಕಾಡಿಗೆ ಹೋಗಿ ಗುಡಿಸಿ ತರೋದೂ ಬೇಡ. ಕ್ಯಾಸನೂರು ಇಲ್ಲೇ ಸೊರಬ ತಾಲ್ಲೂಕಿನದು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾದ ಊರು. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಎಷ್ಟು ಸಾವಾಯ್ತು, ನೀನೂ ಪೇಪರಿನಲ್ಲಿ ಓದಿರ್ತೀಯ. ಆ ಕಾಯಿಲೆ ಹರಡೋ ಉಣುಗು ಇರೋದು ಕಾಡಿನ ದರಗಿನಲ್ಲೇ, ಡಿಸೆಂಬರಿನಿಂದ ಮಳೆಗಾಲದ ತನಕ ಅದರ ಕಾಟ. ಹಿತ್ತಿಲ ಕೆಲಸ ಮುಗಿದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೇ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳು.

— ಅಡಿಕೆ ಹಾಳೆಯನ್ನೂ ಎತ್ತಿಸಬೇಕು. ಬಿದ್ದ ಹಾಳೆಯಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಒಂದು ವಾರ, ಹತ್ತು ದಿನ ಸಾಕು. ಆ ಹಳೇ ಟೈರು, ಒಡೆದ ಕುಂಡ, ಕುಂಡದ ತಟ್ಟೆ ಕೂಡ. ಅದು ಇವತ್ತೇ ಆಗಲಿ. ಆದರೆ ಅತ್ತೆ, ಇಂಟರ್‌ಲಾಕ್ ವಿಷಯ ನಾನಿನ್ನೂ ಬಿಟ್ಟಿಲ್ಲ. ಮಳೆಗಾಲದಲ್ಲಿ ಕೆಸರು ತುಳಿದು ಅಮ್ಮ ಜಾರಿ ಬಿದ್ದದ್ದೇ ಮಂಡಿನೋವಿಗೆ ಮೂಲ. ಅವರನ್ನು ಮತ್ತೆ ಇಲ್ಲಿ ನಾಲ್ಕು ದಿನ ಇರಿಸಬೇಕು ಅಂದರೆ ಕಾಲಡಿ ಗಟ್ಟಿ ನೆಲ ಬೇಕು.

— ಅದು ನ್ಯಾಯವಾದ ಮಾತು. ನಾನು ಅದನ್ನು ಯೋಚನೆ ಮಾಡಿರಲಿಲ್ಲ. ದಣಪೆಯಿಂದ ಜಗಲಿಗೆ, ಜಗಲಿಯಿಂದ ಬಾವಿಗೆ, ಬಾವಿಯಿಂದ ಬಚ್ಚಲಿಗೆ ಮೂರಡಿ ಅಗಲಕ್ಕೆ ಒರಟು ಕಲ್ಲುಚಪ್ಪಡಿ ಹಾಸಿಸು, ಎರಡು ಕಡೆ ಹಿಡಿಯೋಕೆ ಕಟಾಂಜನ ಹಾಕಿಸು. ಅವಳು ನಡೆಯೋ ದಾರಿ ಗಟ್ಟಿ ಆದರೆ ಸಾಕು, ಹಿತ್ತಿಲೆಲ್ಲ ಕಲ್ಲಾಗಬೇಕಾಗಿಲ್ಲ. ಈ 20 ಗುಂಟೆಯ ಮೇಲೆ ಬೀಳೋ ಮಳೆ ಎಷ್ಟು ಅಂತ ಅಂದಾಜಿದೆಯಾ?

— ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತೆ. ಬೆಂಗಳೂರಿನಲ್ಲಿ 1,000ದ ಆಸುಪಾಸು. ಇಲ್ಲಿ ಆಗುಂಬೆಯಷ್ಟಿಲ್ಲದಿದ್ದರೂ ಬೆಂಗಳೂರಿನ ಲೆಕ್ಕ ಹಿಡಿಯೋ ಹಾಗಿಲ್ಲ.

— ಆ ನೀರು ಎಲ್ಲಿಗೆ ಹೋಗಬೇಕು? ಇಂಗೋಕೆ ಜಾಗ ಇಲ್ಲದಿದ್ದರೆ ಇಳಿಜಾರಿನಲ್ಲಿ ನುಗ್ಗಿ ನಮ್ಮ ತೋಟದ ಮಣ್ಣು ಕೊಚ್ಚಿಕೊಂಡು ಹೋಗ್ತದೆ, ನಿಮ್ಮ ಬಾವಿ ಏಪ್ರಿಲ್‌ಗೇ ತಳ ಕಾಣ್ತದೆ. ಹೆರೆದು ಬೋಳು ಬಿಟ್ಟರೂ ಅದೇ ಕತೆ, ಆರಿದ್ರಾ ಮಳೆಗೆ ಮೇಲ್ಮಣ್ಣು ಉಳಿಯೋದಿಲ್ಲ. ಅದಕ್ಕೇ ನಾನು ಹೇಳೋದು, ಒಂದೇ ಸಲಕ್ಕೆ ಪೂರ್ತಿ ಬಿಡಿಸಬೇಡ. ಈ ವರ್ಷ ಮನೆ ಸುತ್ತ, ದಾರಿ, ಡೇರೆ ಸಾಲು, ಮಲ್ಲಿಗೆ ಬುಡ. ಬಿಡಿಸಿದ ಕಡೆ ದರಗು ಮುಚ್ಚು, ಜೂನಿಗೆ ಏನಾದರೂ ನೆಡು. ಹಿಂದಿನ ಮೂಲೆ ಮುಂದಿನ ವರ್ಷ. ಅಲ್ಲಿ ಯುಪಟೋರಿಯಂ, ಲಂಟಾನ ಮಾತ್ರ ಹೂವಿಗೆ ಮೊದಲು ತೆಗೆದರೆ ಸದ್ಯಕ್ಕೆ ಸಾಕು.

— ತಿಂಗಳಿಗೊಮ್ಮೆ ಬರೋಳು ನಾನು. ನೀರು ಹಾಕೋರು ಯಾರು?

— ಹೊಸದಾಗಿ ನಾಜೂಕಿನ ಗಿಡ ತರಬೇಡ ಅಷ್ಟೆ. ಅಮ್ಮ ಇಟ್ಟದ್ದರಲ್ಲಿ ಈ ವರ್ಷಗಳನ್ನು ದಾಟಿ ಉಳಿದದ್ದು ಯಾವುದು ಅಂತ ಈಗ ಪಟ್ಟಿ ಕಟ್ಟಿದೆವಲ್ಲ, ಅವೇ ನಿನ್ನ ಗಿಡ. ಸುಗಂಧಿ, ದಾಸವಾಳ, ನಂದಿಬಟ್ಟಲು, ಪಾರಿಜಾತ, ರತ್ನಗಂಧಿ, ದೇವಕಣಗಿಲೆ, ಇವಕ್ಕೆ ಬುಡದಲ್ಲಿ ದರಗು ಇದ್ದರೆ ನಿನ್ನ ನೀರಿಗೆ ಕಾಯೋದಿಲ್ಲ. ಬೇಲಿಗೆ ಶಂಖಪುಷ್ಪ ಹಬ್ಬಿಸು, ದ್ವಿದಳದ ಜಾತಿ ಅದು, ಮಣ್ಣಿಗೂ ಒಳ್ಳೆಯದು. ಮಲ್ಲಿಗೆಗೆ ಬೇಸಿಗೆಯಲ್ಲಿ ನಾನು ನೀರು ಹಾಕ್ತೇನೆ, ಮೊಗ್ಗು ನನಗೆ. ಗುಲಾಬಿಯ ಆಸೆ ಬಿಡು. ಆ ಮೂಲೆಯ ಕಸಿ ಗುಲಾಬಿಯಲ್ಲಿ ಕಸಿ ಕಟ್ಟಿದ ಗಂಟಿನ ಕೆಳಗಿಂದ ಬಂದ ಕಾಡುಚಿಗುರೇ ಗಿಡವಾಗಿದೆ, ಮೇಲಿನದು ಸತ್ತುಹೋಗಿದೆ.

— ಅಮ್ಮ ಇನ್ನೂ ಲೈನಲ್ಲೇ ಇದ್ದಾರೆ. ಹಲಸಿನ ಮರ ಕಡಿಸೋಕೆ ಹೇಳಿದ್ದೆಯಾ ಅಂತ ಕೇಳ್ತಾ ಇದ್ದಾರೆ.

— ಹೇಳಿದ್ದೆಯಾ?

— ಜೆಸಿಬಿ ಒಳಗೆ ಬರೋಕೆ ಅಡ್ಡ ಆಗುತ್ತೆ ಅಂದಿದ್ದ ಅವನು. ಇನ್ನು ಆ ಪ್ರಶ್ನೆಯೇ ಇಲ್ಲ. ಸೀತಾಳೆ ದಂಡೆ ಯಾವಾಗ ಹೂ ಬಿಡುತ್ತೆ ಅತ್ತೆ?

— ಮೇ ಕೊನೆ, ಜೂನ್ ಮೊದಲಿಗೆ. ಡೇರೆ ನೆಡೋಕೆ ಬಂದಾಗ ನೋಡ್ತೀಯ. ನೀನು ಬೆಂಗಳೂರಿಗೆ ಹೋದ ಮೇಲೆ ಅಲ್ಲಿ ನಿನ್ನ ಹಾಗೆ ಊರಿನ ಮನೆಗೆ ಬೀಗ ಹಾಕಿ ಬಂದವರು ತುಂಬ ಜನ ಸಿಗ್ತಾರೆ. ಅವರಿಗೂ ಒಂದು ಮಾತು ಹೇಳು. ಹಿತ್ತಿಲು ಬಿಡಿಸೋ ಮೊದಲು ಅದನ್ನು ಬೆಳೆಸಿದವರ ಜೊತೆ ಒಂದು ಸುತ್ತು ಹಾಕಲಿ, ಕಾಲಲ್ಲಿ ಆಗದಿದ್ದರೆ ಫೋನಿನಲ್ಲಾದರೂ. ಅವರು ತೀರಿಕೊಂಡಿದ್ದರೆ ನೆರೆಮನೆಯವರನ್ನು ಕೇಳಲಿ. ಹೇಳೋರು ಯಾರೂ ಉಳಿದಿಲ್ಲ ಅಂತಾದರೆ, ಮನೆ ಸುತ್ತ ಹತ್ತು ಅಡಿ ಮಾತ್ರ ಬಿಡಿಸಿ ಒಂದು ಮಳೆಗಾಲ ಕಾಯಲಿ. ಮಣ್ಣಿನ ಕೆಳಗೆ ಏನಿದೆ ಅಂತ ಜುಲೈ ಹೊತ್ತಿಗೆ ತಾನೇ ಗೊತ್ತಾಗ್ತದೆ.